ಹೋಗುವ ದಾರಿಗೆ ಮೊದಲು ಬರುವ ದಾರಿ



ಬೈಕಂಪಾಡಿಯಿಂದ ಒಬ್ಬ ಅಜ್ಜ ಪತ್ರ ಬರೆದಿದ್ದಾರೆ. ಪತ್ರದ ಜೊತೆಗೆ ಬಣ್ಣದ ಒಂದು ಪುಸ್ತಿಕೆಯನ್ನೂ ಮಡಚಿ ಇಟ್ಟಿದ್ದಾರೆ. ಅದರ ಮುಖಪುಟದಲ್ಲಿ ಹಿಮ ಬಿದ್ದ ಬೆಟ್ಟ, ಬಿಳಿ ಕೋಟು ಹಾಕಿಕೊಂಡು ನಗುವ ಹುಡುಗ ಹುಡುಗಿಯರು, ಕೆಳಗೆ ದಪ್ಪ ಅಕ್ಷರದಲ್ಲಿ ‘ವಿದೇಶದಲ್ಲಿ ಎಂಬಿಬಿಎಸ್ – ಸೀಟು ಗ್ಯಾರಂಟಿ’. ಮೊಮ್ಮಗಳು ಈಗ ದ್ವಿತೀಯ ಪಿಯುಸಿ. ಸಣ್ಣದಿರುವಾಗಿನಿಂದ ಡಾಕ್ಟರಾಗುತ್ತೇನೆ ಎನ್ನುತ್ತಿದ್ದಾಳಂತೆ. ಅಜ್ಜ ಕೇಳಿದ್ದು ಒಂದೇ ಪ್ರಶ್ನೆ: ‘ಇವರು ಸೀಟು ಕೊಡುವುದು ಹೌದಾ?’

ಹೌದು ಅಜ್ಜ, ಕೊಡುತ್ತಾರೆ. ಅದರಲ್ಲಿ ನನಗೆ ಸಂಶಯವೇ ಇಲ್ಲ. ಹಣ ಕಟ್ಟಿದರೆ ಸೀಟು ಕೊಡುವ ಕಾಲೇಜು ಜಗತ್ತಿನಲ್ಲಿ ಬೇಕಾದಷ್ಟು ಉಂಟು. ಕೇಳಬೇಕಾದ ಪ್ರಶ್ನೆ ಬೇರೆ. ನಿಮ್ಮ ಮೊಮ್ಮಗಳು ಓದಿ ಬಂದ ಮೇಲೆ ಬೈಕಂಪಾಡಿ ಪೇಟೆಯಲ್ಲಿ ಹೆಸರಿನ ಬೋರ್ಡು ಹಾಕಿ ಕ್ಲಿನಿಕ್ ತೆರೆಯಬಹುದಾ?

ನಿಮ್ಮ ಊರಿನವರಿಗೆ ಇದನ್ನು ವಿವರಿಸುವುದು ಸುಲಭ. ಪಕ್ಕದಲ್ಲೇ ಪಣಂಬೂರು ಬಂದರು ಇದೆಯಲ್ಲ. ಹೊರದೇಶದ ಹಡಗಿನ ಕ್ಯಾಪ್ಟನ್ ಏಳು ಸಮುದ್ರ ಸುತ್ತಿದವನೇ ಇರಲಿ, ತಾನೇ ನೇರವಾಗಿ ಹಡಗನ್ನು ಬಂದರಿನೊಳಗೆ ತರುವಂತಿಲ್ಲ. ಬಂದರಿನ ಪೈಲಟ್ ಸಣ್ಣ ದೋಣಿಯಲ್ಲಿ ಹೋಗಿ, ಹಗ್ಗದ ಏಣಿ ಹಿಡಿದು ಹಡಗು ಹತ್ತಬೇಕು. ಆಮೇಲೆಯೇ ಒಳಗೆ. ವಿದೇಶದಲ್ಲಿ ಓದಿದ ಡಾಕ್ಟರಿಗೂ ಹೀಗೆಯೇ. ಅಲ್ಲಿಯ ಪದವಿ ಎಷ್ಟು ದೊಡ್ಡದಿದ್ದರೂ ಇಲ್ಲಿಯ ಬಂದರಿಗೆ ಇಲ್ಲಿಯದೇ ನಿಯಮ. ಆದ್ದರಿಂದ ನಾವು ಹಿಂದಿನಿಂದ ಮುಂದಕ್ಕೆ ಲೆಕ್ಕ ಹಾಕೋಣ. ಮಕ್ಕಳೇ, ಕಷ್ಟದ ಗಣಿತಕ್ಕೆ ಕೆಲವೊಮ್ಮೆ ಉತ್ತರದಿಂದ ಶುರುಮಾಡಿ ಪ್ರಶ್ನೆಗೆ ಬರುತ್ತೀರಲ್ಲ, ಹಾಗೆ.

ಬೋರ್ಡು ಹಾಕಬೇಕಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಹೆಸರು ನೋಂದಣಿಯಾಗಬೇಕು. ಅದಕ್ಕೆ ಮೊದಲು ಭಾರತದ ಆಸ್ಪತ್ರೆಯಲ್ಲಿ ಹನ್ನೆರಡು ತಿಂಗಳು ಇಂಟರ್ನ್‌ಶಿಪ್ ಮಾಡಬೇಕು. ಅದಕ್ಕೂ ಮೊದಲು ಒಂದು ಪರೀಕ್ಷೆ ಪಾಸಾಗಬೇಕು. ವಿದೇಶದಲ್ಲಿ ಓದಿದವರಿಗೆಂದೇ ಇರುವ ಈ ಪರೀಕ್ಷೆಯ ಹೆಸರು ಎಫ್‌ಎಂಜಿಇ. 2002ರಿಂದ ನಡೆಯುತ್ತಿದೆ, ವರ್ಷಕ್ಕೆ ಎರಡು ಸಲ. 300 ಪ್ರಶ್ನೆ, ಪಾಸಾಗಲು 150 ಸರಿ ಇರಬೇಕು. ‘ಅರ್ಧ ಬಂದರೆ ಸಾಕಲ್ಲ, ಇದೇನು ಮಹಾ!’ ಎಂದು ಮಕ್ಕಳು ಹೇಳಬಹುದು. ಆದರೆ ಬರೆದವರಲ್ಲಿ ಪಾಸಾಗುವವರು ಅರ್ಧಕ್ಕಿಂತ ಎಷ್ಟೋ ಕಡಿಮೆ. ಕೆಲವು ಸಲ ಐದರಲ್ಲಿ ಒಬ್ಬರು. ಆರು ವರ್ಷ ಓದಿ, ಲಕ್ಷ ಲಕ್ಷ ಸುರಿದು ಬಂದವರು ಮತ್ತೆ ಕೋಚಿಂಗ್ ಸೆಂಟರಿನ ಬೆಂಚಿನ ಮೇಲೆ ಕೂತುಕೊಳ್ಳುತ್ತಾರೆ. ಬಣ್ಣದ ಪುಸ್ತಿಕೆಯಲ್ಲಿ ಈ ಬೆಂಚಿನ ಫೋಟೋ ಇರುವುದಿಲ್ಲ. (ಮುಂದೆ ಈ ಪರೀಕ್ಷೆಯ ಬದಲು ದೇಶದಲ್ಲಿ ಓದಿದವರಿಗೂ ಹೊರಗೆ ಓದಿದವರಿಗೂ ‘ನೆಕ್ಸ್ಟ್’ ಎಂಬ ಒಂದೇ ಪರೀಕ್ಷೆ ಎಂದು ಕಾನೂನು ಹೇಳುತ್ತದೆ. ಅದು ಶುರುವಾಗುವವರೆಗೆ ಇದೇ.)

ಇನ್ನೂ ಒಂದು ಮೆಟ್ಟಿಲು ಹಿಂದೆ ಬನ್ನಿ. ಆ ಪರೀಕ್ಷೆಗೆ ಕೂರಬೇಕಾದರೆ ವಿದೇಶದ ಓದು ಹೇಗಿರಬೇಕು? ರಾಷ್ಟ್ರೀಯ ವೈದ್ಯಕೀಯ ಆಯೋಗ 2021ರ ನವೆಂಬರಿನಲ್ಲಿ ಇದಕ್ಕೆ ನಿಯಮ ಮಾಡಿದೆ. ಓದು ಕನಿಷ್ಠ 54 ತಿಂಗಳು ಇರಬೇಕು. ಅದರ ಮೇಲೆ ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಶಿಪ್. ಕಲಿಸುವುದು ಇಂಗ್ಲಿಷಿನಲ್ಲಿ. ಎರಡು ವರ್ಷ ಒಂದು ದೇಶ, ಮೂರು ವರ್ಷ ಇನ್ನೊಂದು ದೇಶ ಎಂದು ಅಲೆಯುವಂತಿಲ್ಲ, ಪೂರ್ತಿ ಓದು ಒಂದೇ ಕಡೆ. ಸೇರಿದ ಮೇಲೆ ಹತ್ತು ವರ್ಷದೊಳಗೆ ಮುಗಿಸಬೇಕು. ಎಲ್ಲಕ್ಕಿಂತ ಮುಖ್ಯ ಇದು: ಆ ಪದವಿ ಪಡೆದವರು ಆ ದೇಶದಲ್ಲೇ, ಅಲ್ಲಿಯ ಪ್ರಜೆಗಳ ಹಾಗೆಯೇ, ಡಾಕ್ಟರಾಗಿ ಕೆಲಸ ಮಾಡಲು ಅರ್ಹರಾಗಿರಬೇಕು.

ಈ ಕೊನೆಯ ನಿಯಮ ನನಗೆ ಬಹಳ ಇಷ್ಟ. ತನ್ನ ಮನೆಯವರಿಗೆ ಬಡಿಸದ ಅಡುಗೆಯನ್ನು ನೆಂಟರಿಗೆ ಮಾರುವ ಹೋಟೆಲಿಗೆ ನಾವು ಹೋಗುತ್ತೇವೆಯೇ? ಹೊರದೇಶದ ಮಕ್ಕಳಿಗಾಗಿಯೇ ಬೇರೆ ಕೋರ್ಸು ಮಾಡಿ, ಅದರಿಂದ ತಮ್ಮ ದೇಶದಲ್ಲಿ ಔಷಧಿ ಬರೆಯುವ ಹಕ್ಕು ಕೊಡದ ಕಾಲೇಜುಗಳಿಗೆ ಆಯೋಗ ಹೇಳಿದ್ದು ಇದನ್ನೇ.

ಐದು ವರ್ಷ ಅಲ್ಲಿ ಓದಿ, ಇಂಟರ್ನ್‌ಶಿಪ್ಪನ್ನು ಊರಿಗೆ ಬಂದು ಒಂದೇ ವರ್ಷದಲ್ಲಿ ಮುಗಿಸಬಹುದು ಎಂದು ಹೇಳುವ ಏಜೆಂಟರು ಇದ್ದಾರೆ. ನಿಯಮದ ಪ್ರಕಾರ ಅಲ್ಲಿ ಒಂದು ವರ್ಷ, ಇಲ್ಲಿ ಒಂದು ವರ್ಷ, ಎರಡೂ ಬೇಕು. ಲೆಕ್ಕ ಹಾಕಿ ನೋಡಿ. ಹದಿನೆಂಟಕ್ಕೆ ಹೋದವಳು ಸುಮಾರು ಆರು ವರ್ಷ ಕಳೆದು ಬಂದು, ಪರೀಕ್ಷೆ ಬರೆದು, ಇಂಟರ್ನ್‌ಶಿಪ್ ಮುಗಿಸಿ ಬೋರ್ಡು ಹಾಕುವಾಗ ಇಪ್ಪತ್ತಾರು. ಅದೂ ಎಲ್ಲವೂ ಮೊದಲ ಸಲಕ್ಕೇ ಸರಿಯಾದರೆ.

ಮೊದಲ ಮೆಟ್ಟಿಲು ಬಂತು, ನೀಟ್. ‘ನೀಟ್ ಇಲ್ಲದೆ ವಿದೇಶ’ ಎಂಬ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. 2018ರಿಂದ ವಿದೇಶಕ್ಕೆ ಹೋಗುವವರಿಗೂ ನೀಟ್ ಪಾಸಾಗುವುದು ಕಡ್ಡಾಯ. ಒಮ್ಮೆ ಪಾಸಾದರೆ ವಿದೇಶದ ಪ್ರವೇಶಕ್ಕೆ ಆ ಫಲಿತಾಂಶ ಮೂರು ವರ್ಷ ನಡೆಯುತ್ತದೆ. 2025ರಲ್ಲಿ ದೇಶದಲ್ಲಿ 22 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ಎಂಬಿಬಿಎಸ್ ಸೀಟು ಒಂದು ಲಕ್ಷದ ಮೇಲೆ ಚಿಲ್ಲರೆ ಮಾತ್ರ. ಆ ವರ್ಷ 720ರಲ್ಲಿ 144 ಅಂಕ ಬಂದ ಸಾಮಾನ್ಯ ವರ್ಗದವರು ಪಾಸು. 144 ಬಂದವರು ವಿದೇಶಕ್ಕೆ ಅರ್ಜಿ ಹಾಕಬಹುದು, ಆದರೆ ನಮ್ಮಲ್ಲಿಯ ಸರಕಾರಿ ಸೀಟು ಅವರಿಗೆ ಕನಸು. ಮಕ್ಕಳು ದೇಶ ಬಿಟ್ಟು ಹೋಗುವ ಕಾರಣ ಈ ಎರಡು ಸಂಖ್ಯೆಗಳ ನಡುವೆ ಇದೆ. ಸರಕಾರಿ ಸೀಟು ಸಿಕ್ಕಿದರೆ ವರ್ಷದ ಶುಲ್ಕ ಒಂದು ಲಕ್ಷದೊಳಗೆ. ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ಸೀಟಾದರೆ ಪೂರ್ತಿ ಓದಿಗೆ ಕೋಟಿ ದಾಟುವುದುಂಟು. ಇವೆರಡರ ನಡುವಿನ ಬೆಲೆಗೆ ರಷ್ಯಾ, ಜಾರ್ಜಿಯಾ, ಕಿರ್ಗಿಸ್ತಾನ, ಕಜಕಿಸ್ತಾನ, ಬಾಂಗ್ಲಾದೇಶ, ಫಿಲಿಪ್ಪೀನ್ಸ್ ಸಿಗುತ್ತವೆ. ಹೋಗುವವರೆಲ್ಲ ದಡ್ಡರು ಎಂದು ಮೂಗು ಮುರಿಯುವವರ ಮಾತು ನನಗೆ ಹಿಡಿಸುವುದಿಲ್ಲ.

ಏಕೆಂದರೆ ನವೀನ್ ಶೇಖರಪ್ಪನನ್ನು ನಾವು ಮರೆಯುವಂತಿಲ್ಲ. ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲೂಕಿನ ಚಳಗೇರಿಯ ಹುಡುಗ. ಪಿಯುಸಿಯಲ್ಲಿ ಮಗನಿಗೆ ಶೇಕಡಾ 97 ಬಂದಿದ್ದರೂ ಇಲ್ಲಿ ಸೀಟು ಸಿಗಲಿಲ್ಲ ಎಂದು ತಂದೆ ಹೇಳಿದ ಮಾತು ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಉಕ್ರೇನಿನ ಹಾರ್ಕಿವ್ ನಗರದ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿ ನಾಲ್ಕನೇ ವರ್ಷದಲ್ಲಿದ್ದ. 2022ರ ಫೆಬ್ರವರಿ 24ರಂದು ಯುದ್ಧ ಶುರುವಾಯಿತು. ಮಾರ್ಚ್ 1ರಂದು ಊಟದ ಸಾಮಾನು ತರಲು ಹೊರಗೆ ಹೋದವನು ದಾಳಿಯಲ್ಲಿ ತೀರಿಕೊಂಡ. ಇಪ್ಪತ್ತೊಂದು ವರ್ಷ. ಮೂರು ವಾರ ಕಳೆದು ಮಾರ್ಚ್ 21ರಂದು ದೇಹ ಬೆಂಗಳೂರಿಗೆ ಬಂತು, ಅಲ್ಲಿಂದ ಚಳಗೇರಿಗೆ. ಊರಿನವರು ಕೊನೆಯ ದರ್ಶನ ಮಾಡಿದ ಮೇಲೆ ತಂದೆ ತಾಯಿ ಆ ದೇಹವನ್ನು ಮಣ್ಣು ಮಾಡಲಿಲ್ಲ. ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ, ಮಕ್ಕಳು ಓದಲಿ ಎಂದು ದಾನ ಕೊಟ್ಟರು.

ಯುದ್ಧದ ಸಮಯ ಉಕ್ರೇನಿನಿಂದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಮರಳಿ ಬಂದರು. ಹೆಚ್ಚಿನವರು ಮೆಡಿಕಲ್ ಓದುತ್ತಿದ್ದವರು. ಜೀವ ಉಳಿದದ್ದೇ ದೊಡ್ಡದು, ಆದರೆ ಓದು ಅರ್ಧದಲ್ಲಿ ನಿಂತಿತು. ಪೂರ್ತಿ ಓದು ಒಂದೇ ಕಡೆ ಎಂಬ ನಿಯಮ ಹೇಳಿದೆನಲ್ಲ, ಅದು ಇವರಿಗೆ ಗೋಡೆಯ ಹಾಗೆ ಅಡ್ಡ ಬಂತು. ಇಲ್ಲಿಯ ಕಾಲೇಜುಗಳಿಗೆ ಸೇರಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟಿನವರೆಗೆ ಹೋದರು. ಕೊನೆಗೆ ಅವರಿಗೆಂದು ನಿಯಮ ಸಡಿಲಿಸಿ, ಬೇರೆ ದೇಶದ ಕಾಲೇಜಿನಲ್ಲಿ ಓದು ಮುಂದುವರಿಸಲು ಆಯೋಗ ಒಪ್ಪಿತು. ಅರ್ಜಿ ಹಾಕುವಾಗ ಯುದ್ಧವಾಗುತ್ತದೆಂದು ಯಾರಿಗೂ ತಿಳಿಯುವುದಿಲ್ಲ, ಸರಿ. ಆದರೆ ‘ಓದು ನಡುವಿನಲ್ಲಿ ನಿಂತರೆ ಏನು’ ಎಂದು ಮೊದಲೇ ಕೇಳಿಟ್ಟುಕೊಳ್ಳಬಹುದು. ಹೋದ ದೇಶದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿಡಬಹುದು.

ಈಗ ಪುಸ್ತಿಕೆಗೆ ಮರಳೋಣ. ಅದರ ಎರಡನೇ ಪುಟದಲ್ಲಿ ‘ಎನ್‌ಎಂಸಿ ಮಾನ್ಯತೆ ಪಡೆದ ಕಾಲೇಜು’ ಎಂದು ಚಿನ್ನದ ಬಣ್ಣದಲ್ಲಿ ಮುದ್ರಿಸಿದ್ದಾರೆ. ಎನ್‌ಎಂಸಿ ಎಂದರೆ ನಾನು ಮೇಲೆ ಹೇಳಿದ ರಾಷ್ಟ್ರೀಯ ವೈದ್ಯಕೀಯ ಆಯೋಗವೇ. ಆಯೋಗ ಯಾವ ವಿದೇಶಿ ಕಾಲೇಜಿಗೂ ಮಾನ್ಯತೆ ಕೊಡುವುದಿಲ್ಲ, ಇಂಥ ಕಾಲೇಜು ಒಳ್ಳೆಯದೆಂದು ಪಟ್ಟಿ ಮಾಡುವುದೂ ಇಲ್ಲ. ನಿಯಮ ಹೇಳುತ್ತದೆ, ಕಾಲೇಜು ಆ ನಿಯಮಕ್ಕೆ ಹೊಂದುತ್ತದೋ ಇಲ್ಲವೋ ನೋಡುವ ಹೊಣೆಯನ್ನು ನಮಗೇ ಬಿಡುತ್ತದೆ. ಹಾಗಾದರೆ ಆ ಚಿನ್ನದ ಅಕ್ಷರ? ನೀವೇ ಊಹಿಸಿ. ‘ವರ್ಲ್ಡ್ ಡೈರೆಕ್ಟರಿ ಆಫ್ ಮೆಡಿಕಲ್ ಸ್ಕೂಲ್ಸ್’ನಲ್ಲಿ ಹೆಸರಿದೆ ಎಂದೂ ಬರೆದಿದ್ದಾರೆ. ಅದು ನಿಜ ಇರಬಹುದು. ಆದರೆ ಅದು ಟೆಲಿಫೋನ್ ಡೈರೆಕ್ಟರಿಯ ಹಾಗೆ. ಡೈರೆಕ್ಟರಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಮನುಷ್ಯ ಒಳ್ಳೆಯವನೆಂದು ನಾವು ಹೆಣ್ಣು ಕೊಡುತ್ತಿದ್ದೆವೇ?

ಕಾಲೇಜು ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ಕಟ್ಟಡ ನೋಡಬೇಡಿ, ಆಸ್ಪತ್ರೆ ನೋಡಿ. ಇದಕ್ಕೆ ಉದಾಹರಣೆ ನಮ್ಮ ಮಂಗಳೂರಿನಲ್ಲೇ ಉಂಟು. 1953ರಲ್ಲಿ ಡಾ. ಟಿ.ಎಂ.ಎ. ಪೈಗಳು ಮಣಿಪಾಲದ ಬೋಳು ಗುಡ್ಡದ ಮೇಲೆ ಕಸ್ತೂರ್ಬಾ ಮೆಡಿಕಲ್ ಕಾಲೇಜು ಶುರುಮಾಡಿದರು. ಆಗ ನಮ್ಮ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ಗುಡ್ಡದ ಮೇಲೆ ತರಗತಿ ಕಟ್ಟಬಹುದು, ರೋಗಿಗಳನ್ನು ಎಲ್ಲಿಂದ ತರುವುದು? ಅದಕ್ಕೆ ಅವರು ಮಂಗಳೂರಿನ ಸರಕಾರಿ ವೆನ್‌ಲಾಕ್ ಆಸ್ಪತ್ರೆಯ ಜೊತೆ ಒಪ್ಪಂದ ಮಾಡಿಕೊಂಡರು. ಮೊದಲ ವರ್ಷಗಳ ಪಾಠ ಮಣಿಪಾಲದಲ್ಲಿ, ರೋಗಿಯ ಮಂಚದ ಬದಿಯ ಪಾಠ ಮಂಗಳೂರಿನಲ್ಲಿ. ವೆನ್‌ಲಾಕಿನಲ್ಲಿ ರೋಗಿಗಳಿಗೆ ಎಂದಾದರೂ ಬರ ಬಂದದ್ದುಂಟೇ!

ಆಮೇಲೆ ಹೊರದೇಶದ ಮಕ್ಕಳು ಇಲ್ಲಿಗೇ ಬರತೊಡಗಿದರು. ಮಣಿಪಾಲದಲ್ಲಿ, ಮಂಗಳೂರಿನ ಅತ್ತಾವರದಲ್ಲಿ ಮಲೇಷ್ಯಾದ ಹುಡುಗ ಹುಡುಗಿಯರನ್ನು ಅಜ್ಜ ಅಜ್ಜಿಯರು ನೋಡಿರಬಹುದು. 1997ರಲ್ಲಿ ಮೆಲಾಕಾ ಮಣಿಪಾಲ್ ಮೆಡಿಕಲ್ ಕಾಲೇಜು ಎಂಬುದೇ ಹುಟ್ಟಿತು. ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ, ಉಳಿದದ್ದು ಮಲೇಷ್ಯಾದ ಮೆಲಾಕಾದಲ್ಲಿ. ಆ ಮಕ್ಕಳ ಅಪ್ಪ ಅಮ್ಮಂದಿರಿಗೂ ಒಂದು ಬರುವ ದಾರಿ ಬೇಕಿತ್ತು. ಯಾವ ಯಾವ ವಿದೇಶಿ ಪದವಿಗೆ ತಮ್ಮಲ್ಲಿ ಬೆಲೆ ಎಂದು ಮಲೇಷ್ಯಾದ ವೈದ್ಯಕೀಯ ಕಾನೂನಿನಲ್ಲಿ ಒಂದು ಪಟ್ಟಿಯೇ ಇತ್ತು, ಕಸ್ತೂರ್ಬಾದ ಹೆಸರು ಅದರಲ್ಲಿತ್ತು. ಅವರು ಆ ಪಟ್ಟಿ ನೋಡಿಯೇ ಮಕ್ಕಳನ್ನು ವಿಮಾನ ಹತ್ತಿಸಿದರು. ನಮಗೆ ಅಂಥ ಪಟ್ಟಿ ಇಲ್ಲದಿರುವಾಗ ಇನ್ನೂ ಹೆಚ್ಚು ವಿಚಾರಿಸಬೇಕಲ್ಲವೇ?

ಈ ಮಕ್ಕಳ ಇನ್ನೊಂದು ಕಷ್ಟ ಭಾಷೆ. ತರಗತಿಯಲ್ಲಿ ಇಂಗ್ಲಿಷ್ ಆಯಿತು. ಆದರೆ ಆಸ್ಪತ್ರೆಯ ಮಂಚದ ಮೇಲೆ ಮಲಗಿದ ಅಜ್ಜಿ ‘ಬಂಜಿ ಬೇನೆ’ ಎನ್ನುತ್ತಾಳೆ. ಅದು ಹೊಟ್ಟೆನೋವು ಎಂದು ತಿಳಿಯದವನು ಎಲ್ಲಿ ಒತ್ತಿ ನೋಡುತ್ತಾನೆ? ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮಲಯಾಳ ಇಷ್ಟೂ ಒಂದೇ ವಾರ್ಡಿನಲ್ಲಿ ಕೇಳಿಸುವ ಊರು ನಮ್ಮದು. ಬಿಷ್ಕೆಕ್‌ಗೆ ಹೋದ ನಮ್ಮ ಹುಡುಗಿಗೂ ಇದೇ ಕತೆ. ಪುಸ್ತಕ ಇಂಗ್ಲಿಷಿನಲ್ಲಿ, ರೋಗಿ ಮಾತಾಡುವುದು ಕಿರ್ಗಿಜ್ ಅಥವಾ ರಷ್ಯನ್. ಮೊದಲ ವರ್ಷದಿಂದಲೇ ಆ ಭಾಷೆಯನ್ನು ಕಲಿತವರು ರೋಗಿಯ ಹತ್ತಿರ ಹೋಗುತ್ತಾರೆ, ಕಲಿಯದವರು ಗೋಡೆಗೆ ಒರಗಿ ನಿಂತು ಆರು ವರ್ಷ ಕಳೆಯುತ್ತಾರೆ. ಪರೀಕ್ಷೆಯಲ್ಲಿ ಸೋಲುವುದಕ್ಕೆ ಇದೂ ಒಂದು ಕಾರಣ ಎಂದು ನನ್ನ ಎಣಿಕೆ.

ಹಾಗಾಗಿ ಏಜೆಂಟರ ಹತ್ತಿರ ಮಾತಾಡುವಾಗ ಕಾಲೇಜಿನ ಫೋಟೋ ಕೇಳುವ ಬದಲು ಅಲ್ಲಿ ನಾಲ್ಕನೇ ಅಥವಾ ಐದನೇ ವರ್ಷ ಓದುತ್ತಿರುವ ಕನ್ನಡದ ಮಕ್ಕಳ ಸಂಪರ್ಕ ಕೇಳಿ. ಮೊದಲ ವರ್ಷದವರು ಬೇಡ, ಅವರಿಗೆ ಹಿಮ ನೋಡಿದ ಖುಷಿ ಇನ್ನೂ ಇಳಿದಿರುವುದಿಲ್ಲ. ವಾರದಲ್ಲಿ ಎಷ್ಟು ದಿನ ಆಸ್ಪತ್ರೆಗೆ ಹೋಗುತ್ತೀರಿ, ಆಸ್ಪತ್ರೆ ಕಾಲೇಜಿನದೋ ಬೇರೆಯದೋ, ಹಿಂದಿನ ತಂಡದಲ್ಲಿ ಎಷ್ಟು ಮಂದಿ ಎಫ್‌ಎಂಜಿಇ ಪಾಸಾದರು ಎಂದು ಕೇಳಿ. ಉತ್ತರ ಕೊಡಲು ತಡವರಿಸಿದರೆ ಅದೂ ಒಂದು ಉತ್ತರವೇ.

ಈಗ ಅಜ್ಜ ಅಜ್ಜಿಯರ ಹತ್ತಿರ ಮಾತ್ರ ಎರಡು ಮಾತು. ಮಕ್ಕಳು ಬೇಕಾದರೆ ಈ ಪ್ಯಾರಾ ಬಿಡಿ. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕು ಸಾಮಾನ್ಯವಾಗಿ ಆಸ್ತಿಯ ಅಡವು ಕೇಳುತ್ತದೆ. ಆಸ್ತಿ ಎಂದರೆ ಹೆಚ್ಚಿನ ಮನೆಗಳಲ್ಲಿ ಅಜ್ಜನ ಹೆಸರಿನಲ್ಲಿರುವ ಮನೆ. ಬೈಕಂಪಾಡಿ, ಕುಳಾಯಿ ಸುತ್ತಮುತ್ತ ಬಂದರಿಗೆ, ಕೈಗಾರಿಕೆಗೆ ಜಾಗ ಬಿಟ್ಟುಕೊಟ್ಟು ಒಮ್ಮೆ ಮನೆ ಬದಲಿಸಿದ ಕುಟುಂಬಗಳು ಎಷ್ಟೋ ಇವೆ. ಅಂಥವರಿಗೆ ಹತ್ತು ಸೆಂಟ್ಸ್ ಜಾಗದ ಬೆಲೆ ನಾನು ಹೇಳಬೇಕಾಗಿಲ್ಲ. ಮೊಮ್ಮಗಳ ಮೇಲಿನ ಪ್ರೀತಿಗೆ ಸಹಿ ಹಾಕಿ, ಬೇಡ ಎನ್ನುವುದಿಲ್ಲ. ಆದರೆ ಮೊದಲ ವರ್ಷದ ಶುಲ್ಕ ಒಂದನ್ನೇ ನೋಡಿ ಸಹಿ ಹಾಕಬೇಡಿ. ಆರು ವರ್ಷದ ಶುಲ್ಕ, ಹಾಸ್ಟೆಲು, ಊಟ, ವೀಸಾ, ಊರಿಗೆ ಬಂದುಹೋಗುವ ವಿಮಾನ, ಬಂದ ಮೇಲಿನ ಕೋಚಿಂಗು, ಸಂಬಳ ಬರುವವರೆಗಿನ ಬಡ್ಡಿ, ಎಲ್ಲ ಒಂದೇ ಕಾಗದದಲ್ಲಿ ಬರೆಸಿ. ಶುಲ್ಕ ಡಾಲರಿನಲ್ಲಿದ್ದರೆ ರೂಪಾಯಿ ಇಳಿದಷ್ಟೂ ಅದು ಏರುತ್ತದೆ. ಹಣವನ್ನು ಕಾಲೇಜಿನ ಖಾತೆಗೆ ಬ್ಯಾಂಕಿನಿಂದಲೇ ಕಳಿಸಿ. ಮಧ್ಯದವರ ಕೈಗೆ ನಗದು ಕೊಡುವುದು, ಮೂಲ ಅಂಕಪಟ್ಟಿ ಕೊಟ್ಟು ಬರುವುದು ಎರಡೂ ಬೇಡ.

ಇನ್ನೊಂದು ವಿಷಯ, ಅವಸರ. ನೀಟ್ ಫಲಿತಾಂಶ ಜೂನಿನಲ್ಲಿ ಬರುತ್ತದೆ. ನಮ್ಮ ರಾಜ್ಯದ ಕೆಇಎ ಸೀಟು ಹಂಚಿಕೆ ಸುತ್ತು ಸುತ್ತಾಗಿ ತಿಂಗಳುಗಟ್ಟಲೆ ನಡೆಯುತ್ತದೆ. ವಿದೇಶದ ತರಗತಿಗಳು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ ಶುರು. ಈ ಎಡವಟ್ಟಿನ ಲಾಭ ಪಡೆದು ‘ನಾಳೆಯೇ ಕೊನೆ, ಇವತ್ತು ಕಟ್ಟಿ’ ಎನ್ನುವವರಿದ್ದಾರೆ. ಕಟ್ಟಿದ್ದು ಹಿಂದೆ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಕೊನೆಯ ಸುತ್ತಿನಲ್ಲಿ ಇಲ್ಲೇ ಸೀಟು ಸಿಕ್ಕಿದ ಮಕ್ಕಳೂ ಇರುತ್ತಾರೆ.

ಮಕ್ಕಳೇ, ಪುನಃ ಬನ್ನಿ. ವಿದೇಶದ ಮೆಡಿಕಲ್ ಕಾಲೇಜಿಗೆ ನಮ್ಮ ದೇಶದ ಹುಡುಗಿಯೊಬ್ಬಳು ಹೋದದ್ದು ಯಾವಾಗ ಗೊತ್ತೇ? 1883ರಲ್ಲಿ. ಆನಂದಿಬಾಯಿ ಜೋಶಿಗೆ ಆಗ ಹದಿನೆಂಟು, ಬಹುಶಃ ನಿಮ್ಮ ಅಕ್ಕನ ವಯಸ್ಸು. ಏಜೆಂಟರಿಲ್ಲ, ಪುಸ್ತಿಕೆಯಿಲ್ಲ. ಅಮೆರಿಕದ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ತಾನೇ ಪತ್ರ ಬರೆದಳು. ಕಲ್ಕತ್ತೆಯಲ್ಲಿ ಹಡಗು ಹತ್ತಿದಳು. ಹೋಗುವ ಮೊದಲೇ, ಜನ ಸೇರಿದ ಸಭೆಯಲ್ಲಿ ನಿಂತು, ಏಕೆ ಹೋಗುತ್ತೇನೆ, ಮರಳಿ ಬಂದು ಏನು ಮಾಡುತ್ತೇನೆ ಎಂದು ಹೇಳಿದ್ದಳು. 1886ರ ಮಾರ್ಚಿನಲ್ಲಿ ಪದವಿ ಸಿಕ್ಕಿತು, ಕೊಲ್ಹಾಪುರದ ಆಸ್ಪತ್ರೆಯಲ್ಲಿ ಕೆಲಸವೂ ಗೊತ್ತಾಯಿತು. ಆದರೆ ಕ್ಷಯ ಹಿಡಿದಿತ್ತು. ಊರಿಗೆ ಬಂದು ಸ್ವಲ್ಪ ಸಮಯದಲ್ಲೇ, 1887ರ ಫೆಬ್ರವರಿಯಲ್ಲಿ ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡು ತುಂಬಿರಲಿಲ್ಲ.

ಕೊನೆಗೆ, ಇಂದೇ ಮಾಡಬಹುದಾದ ಒಂದು ಕೆಲಸ. ಡಾಕ್ಟರಾಗಿ, ಎಂಜಿನಿಯರಾಗಿ, ಏನೇ ಆಗಿ, ಹೊರದೇಶಕ್ಕೆ ಹೋಗುವ ಯೋಚನೆ ಇರುವವರು ಜನನ ಪ್ರಮಾಣಪತ್ರ, ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ನಮ್ಮ ಕರಾವಳಿಯ ಹೆಸರುಗಳಿಗೆ ಇನಿಷಿಯಲ್‌ನ ತಂಟೆ ಉಂಟಲ್ಲ! ಒಂದರಲ್ಲಿ ಹೆಸರಿನ ಮುಂದೆ ‘ಬಿ.’ ಇರುತ್ತದೆ, ಇನ್ನೊಂದರಲ್ಲಿ ಹೆಸರಿನ ಹಿಂದೆ ‘ಬೈಕಂಪಾಡಿ’ ಎಂದೇ ಬಿಡಿಸಿ ಬರೆದಿರುತ್ತಾರೆ, ಮೂರನೆಯದರಲ್ಲಿ ಅಪ್ಪನ ಹೆಸರು ಸೇರಿರುತ್ತದೆ. ನಮಗೆ ಮೂರೂ ಒಬ್ಬಳೇ ಹುಡುಗಿ. ವೀಸಾ ಕೊಡುವವರಿಗೆ ಮೂರು ಬೇರೆ ಬೇರೆ ಜನ. ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ಮೊದಲು ಇದನ್ನು ಸರಿಮಾಡಿಸಿಕೊಳ್ಳಬೇಕು. ಅಂಕಪಟ್ಟಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ ಮುದ್ರೆ ಬೀಳುವುದೂ ಅದರಲ್ಲಿರುವ ಹೆಸರಿಗೇ. ಅಂಕಪಟ್ಟಿಯ ಹೆಸರು ತಿದ್ದಿಸಲು ಶಾಲೆಯ ಮೂಲಕ ಪರೀಕ್ಷಾ ಮಂಡಳಿಗೆ ಅರ್ಜಿ ಹೋಗಬೇಕು, ತಿಂಗಳುಗಳು ಹಿಡಿಯುತ್ತವೆ. ಒಂಬತ್ತನೇ ತರಗತಿಯಲ್ಲಿರುವವರು ಇನ್ನೂ ಅದೃಷ್ಟವಂತರು. ಎಸ್ಸೆಸ್ಸೆಲ್ಸಿಗೆ ಹೆಸರು ಕಳಿಸುವಾಗ ಶಾಲೆಯಲ್ಲಿ ಒಂದು ಪಟ್ಟಿ ತೋರಿಸಿ ಸರಿ ಇದೆಯಾ ಎಂದು ಕೇಳುತ್ತಾರೆ. ಆ ದಿನ ಗೆಳೆಯರ ಜೊತೆ ಹರಟದೆ, ಅಕ್ಷರ ಅಕ್ಷರ ನೋಡಿ ಸಹಿ ಹಾಕಿ.